ಸಾಲಿಗಿಂತ ಮದಲಿನ ಸಾಲಿ

ಜೂನ್ ತಿಂಗಳು ಬಂತಂದ್ರ ನೋಡ್ರಿ, ನಳಕ್ಕ ನಿಂತಲ್ಲಿ, ಹಿಟ್ಟಿನ ಗಿರಣ್ಯಾಗ, ಬಾಣಂತಿ ಮಾತಾಡ್ಸಾಕ ಹೋದಲ್ಲಿ, ಎಲ್ಲಾ ಕಡೆ ಒಂದ ಮಾತು. “ನಿಮ್ಮ ಕೂಸಿಗೆ ಮೂರು ತುಂಬಿದುವಲ್ಲ, ಎಲ್ಲಿ ಹಾಕಿದ್ರಿ?” ಹಾಕೋದಂದ್ರ ಎಲ್‌ಕೆಜಿಗೆ. ಒಬ್ಬಾಕಿ ಫೀ ಎಷ್ಟಂತ ಹೇಳ್ತಾಳ, ಇನ್ನೊಬ್ಬಾಕಿ ವ್ಯಾನಿನ ರೊಕ್ಕ ಹೇಳ್ತಾಳ. “ಇನ್ನೂ ಎಲ್ಲೂ ಹಾಕಿಲ್ಲವಾ, ಮನ್ಯಾಗ ಐತಿ” ಅಂದ ತಾಯಿ ಮಾತ್ರ ಏನೋ ಗುನ್ನೆ ಮಾಡಿದಾಕಿ ಹಂಗ ಮಾರಿ ಕೆಳಗ ಹಾಕ್ತಾಳ.

ಆ ತಾಯಿ ಸಲುವಾಗಿ ಇವತ್ತು ನಾಕು ಹಳೇ ಮಾತು ಹೇಳಬೇಕಂತ ಕುಂತೀನಿ. ಸಣ್ಣ ಹುಡುಗೋರಿಗೆ ಮನ್ಯಾಗ, ಕಾಲಕಾಲಕ್ಕ ತಕ್ಕಂಗ, ಕೈಲೆ ಮಾಡಿಸಿ ಕಲಸೋದು ನಮಗ ಹೊಸದಲ್ಲ. ದೊಡ್ಡ ಊರಾಗ ಈಗ ಅದಕ್ಕ ಹೋಮ್‌ಸ್ಕೂಲಿಂಗ್ ಅಂತ ಹೆಸರು ಇಟ್ಟಾರ. ಮಳಿಗಾಲಕ್ಕೊಂದು, ಚಳಿಗಾಲಕ್ಕೊಂದು ಅಂತ ಸಾಮಾನಿನ ಡಬ್ಬಿ ತರಿಸಿ ಮಾಡ್ತಾರ. ನಮ್ಮ ಮುಂಡರಗಿ ಕಡೆ ಅದನ್ನ ಹಬ್ಬ ಅಂತಿದ್ರು. ಕಲಸೋರು ನಮ್ಮ ಆಯಿ, ಅವ್ವ, ಸ್ವಾದರತ್ತಿ, ಬಾಜೂ ಮನಿ ಅಕ್ಕ. ಹೆಣ್ಮಕ್ಕಳು ಕಲಸಿದ್ದಕ್ಕ ಏನೋ, ಅದನ್ನ ಯಾರೂ ಸಾಲಿ ಅಂತ ಲೆಕ್ಕಕ್ಕ ಹಿಡೀಲಿಲ್ಲ.

ಮದಲ ಸಾಲಿ ಹ್ಯಾಂಗ ಬಂತು ನೋಡೂಣು. ಈಗಿನ ಕನ್ನಡ ಸಾಲಿ ಬರೋಕಿಂತ ಮುಂಚೆ ನಮ್ಮ ಊರುಗೋಳಾಗ ಅಕ್ಷರ ಕಲಸ್ತಿದ್ದದ್ದು ಗಾಂವಠಿ ಮಠ. ಗುಡಿ ಇಲ್ಲಾ ಮಠದ ಪಡಸಾಲಿ, ಒಬ್ರು ಅಯ್ಯನೋರು, ಅವರ ಮುಂದ ಒಂದಿಷ್ಟು ಗಂಡು ಹುಡುಗೋರು. ಪಾಟಿ ಪೆನ್ಸಿಲ್ ಇಲ್ಲ. ಉಸುಕು ಹರವಿ ಅದರ ಮ್ಯಾಲೆ ಬೆರಳಿಲೆ ಅಕ್ಷರ ತಿದ್ದಬೇಕು. ಮಗ್ಗಿ ಬಾಯಿಪಾಠ ಮಾಡಬೇಕು, ಬರೇ ಒಂದೊಂದ್ಲೆ ಒಂದು ಅಲ್ಲ, ಕಾಲು, ಒಂದೂಕಾಲು, ಒಂದೂವರಿ ಮಗ್ಗೀನೂ ಬರಬೇಕು. ಅಯ್ಯನೋರಿಗೆ ತಿಂಗಳ ಪಗಾರ ಅಂತಿಲ್ಲ, ಹುಡುಗೋರ ಮನ್ಯಾಗ ಕೊಟ್ಟ ಕಾಳುಕಡಿನ ಅವರ ಪಗಾರ. ಸೂಟಿ ಆಯಿತವಾರ ಅಲ್ಲ, ಅಮಾಸಿ ಹುಣ್ಣಿವಿಗೆ. ಮಾರ್ನಮಿ ಬಂದ್ರ ಹುಡುಗೋರು ಅಯ್ಯನೋರ ಜೋಡಿ ಮನಿಮನಿ ಮುಂದ ಹಾಡಿ, ಬಂದ ರೊಕ್ಕ ಅವರಿಗೆ ಕೊಡ್ತಿದ್ರು. ಅಂದ್ರ ಅಕ್ಷರದ ಸಾಲೀನೂ ಆವಾಗ ಚಂದ್ರನ ಲೆಕ್ಕದ ಮ್ಯಾಲೆ, ಸುಗ್ಗಿ ಲೆಕ್ಕದ ಮ್ಯಾಲೆ ನಡೀತಿತ್ತು.

1818ರಾಗ ಪೇಶವೆಯವರ ಆಳಿಕಿ ಮುಗೀತು. ಆಮ್ಯಾಲೆ ನಮ್ಮ ಧಾರವಾಡ ಸೀಮಿ ಮುಂಬೈ ಸರಕಾರದ ಕೈಯಾಗ ಹೋತು. ಸಾವಕಾಶ ಸರಕಾರಿ ಸಾಲಿ ಬಂದುವು. ಡೆಪ್ಯೂಟಿ ಚನ್ನಬಸಪ್ಪನವರಂಥ ಅಧಿಕಾರಿಗಳು ಮರಾಠಿ ಜೋರು ಇದ್ದ ಕಾಲದಾಗ ಕನ್ನಡ ಸಾಲಿ ಬೇಕಂತ ದುಡಿದ್ರು. 1865ರಾಗ ಮಾಸ್ತರರ ಸಲುವಾಗಿ ಒಂದು ಪತ್ರಿಕಿ ಹೊರಟಿತು. ಅದರ ಹೆಸರು ‘ಮಠಪತ್ರಿಕೆ’. ಸಾಲಿ ಅನ್ನಾಕ ಮಠ ಅನ್ನೋದು ಅಷ್ಟು ರೂಢಿ ಇತ್ತು ನೋಡ್ರಿ. ಅದ ಪತ್ರಿಕಿ ಹೆಸರು ಬದಲಾಕ್ಕೊಂತ ಬಂದು ಇವತ್ತು ‘ಜೀವನ ಶಿಕ್ಷಣ’ ಆಗೇತಿ.

ಸರಕಾರಿ ಸಾಲಿ ಬಂದದ್ದು ಛಲೋನ ಆತು. ಆದ್ರ ಅದರ ಜೋಡಿ ಗಂಟಿ ಬಂತು, ಹಾಜರಿ ಪುಸ್ತಕ ಬಂತು, ಇಯತ್ತೆ ಬಂತು, ಪರೀಕ್ಷಾ ತಗೊಳ್ಳೋ ಸಾಹೇಬರು ಬಂದ್ರು. ಹಬ್ಬ ಅನ್ನೋದು ಸಾಲಿಗೆ ಸೂಟಿ ಇರೋ ದಿವಸ ಆತು. ಅಲ್ಲಿಂದ ಮುಂದ ಸಾಲ್ಯಾಗ ಮಾಡಿದ್ದಷ್ಟ ಕಲಿಯೋದು, ಮನ್ಯಾಗ ಮಾಡಿದ್ದು ಆಟ ಅನ್ನೋ ತಿಳುವಳಿಕಿ ಬೇರು ಬಿಟ್ಟಿತು.

ಆ ಆಟದಾಗ ಏನೇನಿತ್ತು ಅನ್ನೋದನ್ನ ಲೆಕ್ಕಾ ಹಾಕಿ ನೋಡೂಣು ಬರ್ರಿ. ನಮ್ಮ ಕಡೆ ವರ್ಷದಾಗ ಐದು ಸಲ ಮಣ್ಣಿನ ಪೂಜಾ ಅಂತಾರ. ಮಣ್ಣೆತ್ತು, ಗುಳ್ಳವ್ವ, ನಾಗಪ್ಪ, ಗಣಪ್ಪ, ಜೋಕುಮಾರ. ಊರಿಗೊಂದು ಪದ್ಧತಿ, ಎಣಿಕಿ ಜರಾ ಆಕಡೆ ಈಕಡೆ ಆಗಬಹುದು. ಐದೂ ಬರೋದು ಕಾರಹುಣ್ಣಿವಿ ದಾಟಿ ಭಾದ್ರಪದದ ತನಕ, ಬರೋಬ್ಬರಿ ಮಳಿಗಾಲದಾಗ. ಮಣ್ಣು ಹಸೀ ಇರೋದು ಆವಾಗನ.

ಜ್ಯೇಷ್ಠದ ಕಡೀಗೆ ಮಣ್ಣೆತ್ತಿನ ಅಮಾಸಿ. ಎತ್ತು ಮಾಡಾಕ ಮಣ್ಣು ತರೋದ ಮದಲನೇ ಪಾಠ. ನಮ್ಮ ತಾಲೂಕಿನಾಗ ಎರಿನೂ ಐತಿ, ಕಪ್ಪತಗುಡ್ಡದ ಕಡೆ ಮಸಾರಿನೂ ಐತಿ. ಎರಿ ಮಣ್ಣು ಕಲಸಿದ್ರ ಹಿಟ್ಟಿನಂಗ ಹಿಡ್ಕೋತೈತಿ, ಆದ್ರ ಒಣಗೋವಾಗ ಬಿರಿತೈತಿ. ಮಸಾರಿ ಹಿಡಕೊಳ್ಳೋದ ಕಡಿಮಿ, ಉದುರತೈತಿ. ನಾಕು ವರ್ಷದ ಕೂಸು ಎರಡೂ ಕಲಸಿ ನೋಡಿದ್ರ ತಾನ ಹೇಳ್ತೈತಿ, ಯಾವುದರಾಗ ಎತ್ತು ಆಕ್ಕಾವು, ಯಾವುದರಾಗ ಆಗಂಗಿಲ್ಲ ಅಂತ. ಆಮ್ಯಾಲೆ ಹಳ್ಳು ತೆಗೀಬೇಕು, ಕುಟ್ಟಬೇಕು, ನೀರು ಎಷ್ಟು ಅನ್ನೋದು ಕೈಗೆ ತಿಳೀಬೇಕು. ಎರಡು ಎತ್ತು ಒಂದ ಅಳತಿ ಇರಬೇಕು, ಇಲ್ಲಂದ್ರ ಜೋಡಿ ಅನ್ನಂಗಿಲ್ಲ. ಕಾಲು ಸಣ್ಣಾದ್ರ ಎತ್ತು ನಿಲ್ಲಂಗಿಲ್ಲ, ದಪ್ಪಾದ್ರ ಚಂದ ಕಾಣಂಗಿಲ್ಲ. ಮುಂದ ಗ್ವಾದಲಿ. ಮರುದಿವಸ ಹುಡುಗೋರು ಎತ್ತು ಹಿಡಕೊಂಡು ಮನಿಮನಿಗೆ ಹೋಗಿ ಜ್ವಾಳ ಬೇಡತಾರ. ಬಂದ ಜ್ವಾಳ ಅಂಗಡ್ಯಾಗ ಕೊಟ್ಟು ಚುರುಮರಿ, ಬೆಲ್ಲ ತಂದು ಪಾಲು ಮಾಡಿ ತಿಂತಾರ. ಎಷ್ಟು ಸೇರು ಬಂತು, ಎಷ್ಟು ಮಂದಿ, ಒಬ್ಬರಿಗೆ ಎಷ್ಟು ಬರತೈತಿ, ಈ ಲೆಕ್ಕ ಯಾವ ಮಾಸ್ತರರೂ ಹೇಳಿಕೊಡಬೇಕಿಲ್ಲ. ಪಾಲು ತಪ್ಪಿದ್ರ ಜಗಳ ಆಕ್ಕೈತಿ, ಜಗಳ ಆದ್ರ ಮತ್ತೊಮ್ಮೆ ಎಣಸ್ತಾರ.

ಆಷಾಢದಾಗ ಗುಳ್ಳವ್ವ. ಒಂದು ದಿವಸಕ್ಕ ಮುಗಿಯೋದಲ್ಲ, ಮಂಗಳವಾರದಿಂದ ಮಂಗಳವಾರಕ್ಕ ಬರೋದು. ಅದರಾಗ ವಾರ ಅನ್ನೋದು ಏನಂತ ಕೂಸಿಗೆ ತಿಳೀತೈತಿ. ಗುಳ್ಳವ್ವನ ಮೈತುಂಬ ಗುಲಗಂಜಿ, ಕುಸುಬಿ, ಜ್ವಾಳ ಚುಚ್ಚಿ ಸಿಂಗಾರ ಮಾಡೋದು, ಕೆಂಪು ಒಂದು ಬಿಳೀದು ಒಂದು ಅಂತ ಸಾಲು ಹಿಡಿಯೋದು. ಈಗ ಸಾಲ್ಯಾಗ ಹಾಳಿ ಮ್ಯಾಲೆ ಬಣ್ಣ ತುಂಬಿಸಿ ಕಲಸೋದು ಇದನ್ನ. ಸಣ್ಣ ಬೀಜ ಎರಡು ಬೆರಳಿಲೆ ಹಿಡದು ಚುಚ್ಚೋ ಕೈ, ನಾಳೆ ಪೆನ್ಸಿಲ್ ಹಿಡಿಯೋ ಕೈ ಆಕ್ಕೈತಿ. (ಗುಲಗಂಜಿ ವಿಷದ ಬೀಜ ಅನ್ನೋದು ಮಾತ್ರ ಮರೀಬ್ಯಾಡ್ರಿ. ಬಾಯಾಗ ಹಾಕ್ಕೊಳ್ಳೋ ವಯಸ್ಸಿನ ಕೂಸಿದ್ರ ಕುಸುಬಿ, ಜ್ವಾಳ ಅಷ್ಟ ಸಾಕು.) ಕಡೀ ವಾರ ಬುತ್ತಿ ಕಟಗೊಂಡು ಊರ ಹೊರಗ ಹೋಗಿ ಉಂಡು, ಗುಳ್ಳವ್ವನ್ನ ಕಳಿಸಿ ಬರೋದು.

ಶ್ರಾವಣದಾಗ ಪಂಚಮಿ. ಉಂಡಿ ಕಟ್ಟೋದು, ಜ್ವಾಳದ ಅಳ್ಳು ಹುರಿಯೋದು, ಜೋಕಾಲಿ, ಕೊಬ್ಬರಿ ಬಟ್ಟಲಕ್ಕ ದಾರ ಹಾಕಿ ತಿರುಗಿಸೋದು, ನಿಂಬಿಹಣ್ಣು ಒಗದು ಎಷ್ಟು ದೂರ ಹೋತು ಅಂತ ಪಂತ ಕಟ್ಟೋದು. ಬೆಲ್ಲದ ಪಾಕ ಏರಿದ್ರ ಉಂಡಿ ಕಲ್ಲಾಕ್ಕಾವು, ಇಳಿದ್ರ ಉದುರತಾವು. ಕಾವಿನ ಪಾಠ ಅಂದ್ರ ಅದ. ಭಾದ್ರಪದದಾಗ ಬುಟ್ಟ್ಯಾಗ ಬೇವಿನ ತಪ್ಪಲದಾಗ ಕುಂತು ಜೋಕುಮಾರ ಬರತಾನ. ಹುಟ್ಟಿ ಒಂದು ವಾರದಾಗ ಸಾಯ್ತಾನ. ಸಾವು ಅನ್ನೋದನ್ನ ಕೂಸಿಗೆ ಹ್ಯಾಂಗ ಹೇಳಬೇಕಂತ ನಾವು ಈಗ ತಲಿ ಕೆಡಿಸ್ಕೋತೀವಿ. ಜೋಕಪ್ಪನ್ನ ಹೊತ್ತು ತರೋ ಹೆಣ್ಮಕ್ಕಳು ಅದನ್ನ ಮಳಿ ಬೆಳಿ ಜೋಡಿ ಕೂಡಿಸಿ ಬಾಗಲಾಗ ನಿಂತು ಹಾಡಿ ಹೇಳಿ ಹೋಗತಾರ.

ಮುಂದ ಶೀಗಿ ಹುಣ್ಣಿವಿ, ದೀಪಾವಳಿಯಾಗ ಸಗಣಿ ಪಾಂಡವರು, ಎಳ್ಳ ಅಮಾಸಿಗೆ ಹೊಲಕ್ಕ ಹೋಗಿ ಚರಗ ಚೆಲ್ಲೋದು, ಸುಗ್ಗ್ಯಾಗ ಸೀತನಿ, ಸುಲಗಾಯಿ, ಕಡೀಗೆ ಹೋಳಿ. ಹೊಲ ಹಸರು ಇದ್ದಾಗ ಒಮ್ಮೆ, ತೆನಿ ಬಂದಾಗ ಒಮ್ಮೆ ಕೂಸಿನ ಕರಕೊಂಡು ಹೋದ್ರ, ಬೀಜದಿಂದ ರೊಟ್ಟಿ ತನಕ ಎಲ್ಲಾ ಕಣ್ಣಿಲೆ ನೋಡಿದಂಗ ಆತು.

ಇಷ್ಟೆಲ್ಲಾ ಹೊಗಳಿದ ಮ್ಯಾಲೆ ಖರೇ ಮಾತೂ ಹೇಳಬೇಕಲ್ರಿ. ಈ ಮನಿ ಸಾಲ್ಯಾಗ ಒಂದು ದೊಡ್ಡ ಕೊರತಿ ಇತ್ತು. ಅಕ್ಷರ ಇರಲಿಲ್ಲ. ಗಂಡು ಹುಡುಗ ಆರೇಳು ವರ್ಷಕ್ಕ ಎತ್ತು ಬಿಟ್ಟು ಮಠಕ್ಕ ಹೋಗತಿದ್ದ. ಹುಡುಗಿ ಗುಳ್ಳವ್ವನಿಂದ ನೆಟ್ಟಗ ಒಲಿ ಮುಂದ ಬಂದು ಕುಂದರತಿದ್ದಳು. ಪುಣೆದಾಗ ಸಾವಿತ್ರಿಬಾಯಿ ಫುಲೆ ಮತ್ತ ಜ್ಯೋತಿಬಾ ಅವರು ಹುಡುಗ್ಯಾರ ಸಾಲಿ ತೆಗೆದದ್ದು 1848ರಾಗ. ಸಾಲಿಗೆ ಹೋಗೋ ಸಾವಿತ್ರಿಬಾಯಿ ಮ್ಯಾಲೆ ಮಂದಿ ಕೆಸರು, ಸಗಣಿ ಒಗದಿದ್ರು. ಅಂಥಾ ಕಷ್ಟ ಉಂಡು ತೆಗೆದ ಬಾಗಲು ಅದು. ನಮ್ಮ ಆಯಿ ಕಾಲದ ಎಷ್ಟೋ ಹೆಣ್ಮಕ್ಕಳು ಸಾವಿರ ಹಾಡು ಬಾಯಾಗ ಇಟಗೊಂಡು, ಕಾಗದದ ಮ್ಯಾಲೆ ಹೆಬ್ಬಟ್ಟು ಒತ್ತಿ ಹೋದ್ರು. ಹಂಗಾಗಿ ಮನಿ ಸಾಲಿ ಛಲೋ ಅಂತ ಹೇಳಿ ಹುಡುಗ್ಯಾರನ್ನ ಮನ್ಯಾಗ ಇಟಗೊಳ್ಳೋ ಮಾತು ನಾ ಹೇಳಂಗಿಲ್ಲ.

ಎರಡನ್ನೂ ಕೂಡಿಸಬೇಕು ಅನ್ನೋದನ್ನ ನಮ್ಮ ನಾಡಿನ ಬಾಜೂಕನ ಇಬ್ಬರು ಹೆಣ್ಮಕ್ಕಳು ಮಾಡಿ ತೋರಿಸ್ಯಾರ. ತಾರಾಬಾಯಿ ಮೋಡಕ್ ಮತ್ತ ಅನುತಾಯಿ ವಾಘ್. ಗುಜರಾತಿನ ಭಾವನಗರದಾಗ ಗಿಜುಭಾಯಿ ಬಧೇಕಾ ಅನ್ನೋರು 1920ರಾಗ ಸಣ್ಣ ಹುಡುಗೋರ ಸಲುವಾಗಿ ಬಾಲಮಂದಿರ ತೆಗೆದಿದ್ರು. ಇಟಲಿಯ ಮಾಂಟೆಸೊರಿ ಬಾಯಿ ಹೇಳಿದಂಗ, ಹೊಡೀದ, ಬಡೀದ, ಕೈಗೆ ಕೆಲಸ ಕೊಟ್ಟು ಕಲಸೋದು ಅವರ ರೀತಿ. ಮಾಂಟೆಸೊರಿ ಪದ್ಧತಿಯಾಗ ಉರುಟು ಹಾಳಿಯಿಂದ ಮಾಡಿದ ಅಕ್ಷರದ ಮ್ಯಾಲೆ ಕೂಸು ಬೆರಳು ಆಡಿಸಿ ಕಲೀತೈತಿ. ನಮ್ಮ ಅಯ್ಯನೋರ ಉಸುಕು ನೆಪ್ಪಾತಿಲ್ರಿ? ತಾರಾಬಾಯಿ ಗಿಜುಭಾಯಿ ಜೋಡಿ ಕೆಲಸ ಕಲತು, 1926ರಾಗ ನೂತನ ಬಾಲ ಶಿಕ್ಷಣ ಸಂಘ ಕಟ್ಟಿದ್ರು.

ಆದ್ರ ಆ ಸಾಮಾನು ತುಟ್ಟಿ, ರೊಕ್ಕ ಇದ್ದವರ ಹುಡುಗೋರಿಗಷ್ಟ ಸಿಗತಿತ್ತು. ಅದಕ್ಕ 1945ರಾಗ ತಾರಾಬಾಯಿ ಮುಂಬೈ ಮ್ಯಾಲಿನ ಸಮುದ್ರದಂಡಿ ಊರು ಬೋರ್ಡಿಗೆ ಹೋದ್ರು. ಅನುತಾಯಿ ಅಲ್ಲೆ ಅವರ ಕೈಗೆ ಕೂಡಿದ್ರು. ಬಡವರ ಹುಡುಗೋರು ಬಾಲವಾಡಿಗೆ ಬರವಲ್ರು. ಹೊಟ್ಟಿಗಿಲ್ಲ, ಮೈಮ್ಯಾಲೆ ಅರಬಿ ಇಲ್ಲ, ತಮ್ಮ ತಂಗೀನ ಬಿಟ್ಟು ಬರಂಗಿಲ್ಲ. ಹುಡುಗೋರು ಸಾಲಿಗೆ ಬರಲಿಲ್ಲಂದ್ರ ಸಾಲೀನ ಹುಡುಗೋರ ಕಡೆ ಹೋಗಬೇಕಂತ ತಾರಾಬಾಯಿ ಅವರ ಅಂಗಳದಾಗ ಹೋಗಿ ಕುಂತ್ರು. ತುಟ್ಟಿ ಸಾಮಾನಿನ ಬದಲಿ ಎಲಿ, ಕಲ್ಲು, ಚಿಪ್ಪು, ಬೀಜ, ಮಣ್ಣು. ಅಂಗಳದಾಗ ನಡೆಯೋದಕ್ಕ ಅದರ ಹೆಸರು ಅಂಗನವಾಡಿ. ಮುಂದ 1957ರಾಗ ಕೋಸಬಾಡ ಗುಡ್ಡಕ್ಕ ಹೋಗಿ ವಾರ್ಲಿ ಮಂದಿ ಹುಡುಗೋರ ನಡುವ ಕೆಲಸ ಮಾಡಿದ್ರು. ಅಲ್ಲೆ ದನಾ ಕಾಯೋ ಹುಡುಗೋರಿಗಂತ ದನಾ ಮೇಯೋ ಜಾಗಾದಾಗನ ಸಾಲಿ ನಡಿಸಿದ್ರು.

1975ರ ಅಕ್ಟೋಬರ್ 2ಕ್ಕ ಕೇಂದ್ರ ಸರಕಾರ ಸಣ್ಣ ಹುಡುಗೋರ ಯೋಜನಾ ಸುರು ಮಾಡಿದಾಗ ದೇಶದಾಗ 33 ಕಡೆ ಮದಲ ತೆಗೆದ್ರು, ನಮ್ಮ ರಾಜ್ಯದಾಗ ಮೈಸೂರು ಜಿಲ್ಲಾದ ಟಿ. ನರಸೀಪುರದಾಗ. ಆ ಕೇಂದ್ರಗಳಿಗೆ ಇಟ್ಟ ಹೆಸರು ಅಂಗನವಾಡಿ ಅಂತನ. ನಮ್ಮ ಓಣಿ ಅಂಗನವಾಡಿ ಟೀಚರಿಗೆ ನಾವು ಉಪ್ಪಿಟ್ಟು ಹಂಚೋ ಅಕ್ಕಾರು ಅಂತ ತಿಳಕೊಂಡೀವಿ. ಆ ಹೆಸರಿನ ಹಿಂದ ಅಂಗಳದಾಗ ಕುಂತು ಕಲಸಿದ ಈ ಹೆಣ್ಮಕ್ಕಳ ಕಥಿ ಐತಿ.

ಕನ್ನಡ ನಾಡಿನಾಗ ಮನ್ಯಾಗನ ಕಲಸಿದವರು ಅಂದ್ರ ದಕ್ಷಿಣ ಕನ್ನಡದ ಪುತ್ತೂರಿನ ಶಿವರಾಮ ಕಾರಂತರು. ಕಾದಂಬರಿ ಬರೆದವರು ಅಂತ ನಮಗ ಗೊತ್ತು. ಅವರು 1930ರ ದಶಕದಾಗ ‘ಬಾಲವನ’ ಕಟ್ಟಿ ಸಣ್ಣ ಹುಡುಗೋರಿಗೆ ಆಟ, ನಾಟಕ, ಗಿಡಮರದ ನಡುವ ಪಾಠ ಹೇಳಿದವರು. 1936ರಾಗ ಮೂರು ಸಂಪುಟದ ‘ಬಾಲಪ್ರಪಂಚ’ ಬರೆದ್ರು. ಕನ್ನಡದ ಹುಡುಗೋರಿಗೆ ಜಗತ್ತಿನ ಎಲ್ಲಾ ಸಂಗತಿ ಕನ್ನಡದಾಗನ ತಿಳೀಲಿ ಅಂತ. ಅವರ ಮಗ ಉಲ್ಲಾಸ ಕಾರಂತರು, ಹುಲಿ ಬಗ್ಗೆ ಅಭ್ಯಾಸ ಮಾಡೋ ವಿಜ್ಞಾನಿ, ಸುಮಾರು ಹನ್ನೊಂದು ವರ್ಷದ ತನಕ ಸಾಲಿಗೆ ಹೋಗದ ಮನ್ಯಾಗ ಕಲತವರು. ಸುತ್ತ ಕಾಡು ಹಕ್ಕಿ ನೋಡಕೊಂತ ಬೆಳೆದ ಹುಡುಗ ಮುಂದ ಹುಲಿ ಎಣಸೋ ವಿದ್ಯಾಕ್ಕ ಹೋದ್ರು. ಇಲ್ಲೂ ಒಂದು ಮಾತು. ಕಾರಂತರ ಮನ್ಯಾಗ ಪುಸ್ತಕ ಇದ್ದುವು, ಓದಿದ ತಾಯಿ ಲೀಲಾ ಅವರು ಇದ್ರು. ಎಲ್ಲಾರ ಮನ್ಯಾಗ ಅದು ಇರಂಗಿಲ್ಲ. ಹಂಗಾಗಿ ಹನ್ನೊಂದರ ತನಕ ಮನ್ಯಾಗ ಅನ್ನೋದು ಎಲ್ಲಾರಿಗೆ ಒಪ್ಪೋ ಮಾತಲ್ಲ.

ಈಗಿನ ಕಾನೂನೂ ತಿಳಕೊಂಡಿರೂಣು. 2009ರ ಶಿಕ್ಷಣ ಹಕ್ಕಿನ ಕಾಯ್ದೆ 2010ರ ಏಪ್ರಿಲ್ 1ರಿಂದ ಬಂತು. ಆರರಿಂದ ಹದಿನಾಕು ವರ್ಷದ ಹುಡುಗೋರಿಗೆ ಪುಕ್ಕಟ ಮತ್ತ ಕಡ್ಡಾಯ ಶಿಕ್ಷಣ ಅಂತ ಅದು ಹೇಳತೈತಿ. ಆರಕ್ಕಿಂತ ಸಣ್ಣವರ ಮ್ಯಾಲೆ ಆ ಕಡ್ಡಾಯ ಇಲ್ಲ. ಮೂರು ತುಂಬಿದ ಕೂಡಲೆ ವ್ಯಾನ್ ಹತ್ತಿಸಬೇಕಂತ ಯಾವ ಕಾಯ್ದೇನೂ ಹೇಳಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿನೂ, ಅದರ ಪ್ರಕಾರ 2022ರ ಅಕ್ಟೋಬರಿನಾಗ ಸಣ್ಣ ಹುಡುಗೋರ ಸಲುವಾಗಿ ಬಂದ ಪಠ್ಯಕ್ರಮದ ಚೌಕಟ್ಟೂ ಹೇಳೋದು ಒಂದ: ಎಂಟು ವರ್ಷದ ತನಕ ಆಟ, ಕೈಕೆಲಸ, ಮನಿ ಭಾಷಾ. ದಿಲ್ಲಿಯವರು ಪುಸ್ತಕ ಮಾಡಿ ಹೇಳಿದ್ದು ನಮ್ಮ ಆಯಿ ಕಟ್ಟೀ ಮ್ಯಾಲೆ ಕುಂತು ಮಾಡಿಸಿದ್ದು ಎರಡೂ ಅಷ್ಟೇನು ದೂರ ಇಲ್ಲ.

ಮನಿ ಸಾಲಿ ಎಷ್ಟರ ಮಟ್ಟಿಗೆ ಸಾಕು, ಎಲ್ಲಿ ಸಾಲದು ಅನ್ನೋದು ನಮಗ ಕೊರೋನಾದಾಗ ಗೊತ್ತಾತು. 2020ರ ಮಾರ್ಚಿನಾಗ ಮುಚ್ಚಿದ ಸಾಲಿ, ಒಂದರಿಂದ ಐದನೇತ್ತೆ ಹುಡುಗೋರಿಗೆ ತೆರೆದದ್ದು 2021ರ ಅಕ್ಟೋಬರ್ 25ಕ್ಕ. ಒಂದೂವರಿ ವರ್ಷದ ಮ್ಯಾಲೆ ಆತು. ನಡುವ 2020ರ ಆಗಸ್ಟಿನಾಗ ‘ವಿದ್ಯಾಗಮ’ ಅಂತ ಮಾಸ್ತರು, ಟೀಚರು ಗುಡಿ ಕಟ್ಟಿ, ಗಿಡದ ಬುಡಕ ಬಂದು ಕಲಸಿದ್ರು, ಅಕ್ಟೋಬರಿನಾಗ ಅದೂ ನಿಂತಿತು. ಗಾಂವಠಿ ಮಠ ಮತ್ತೊಮ್ಮೆ ಬಂದು ಹೋದಂಗಾತು. ಆ ದಿವಸದಾಗ ಎಷ್ಟೋ ಮನ್ಯಾಗ ನಾಕು ವರ್ಷದ ಕೂಸು ಭಾಳೇನು ಕಳಕೊಂಡಂಗ ಕಾಣಲಿಲ್ಲ. ಅಜ್ಜಿ ಜೋಡಿ ಕಾಳು ಆರಿಸಿ, ಮಣ್ಣು ಕಲಸಿ ಬೆಳೀತು. ಎಂಟು ವರ್ಷದ ಕೂಸು ಮಾತ್ರ ಓದೋದು ಮರೀತು. ಫೋನ್ ಇದ್ದ ಮನ್ಯಾಗೂ ಫೋನ್ ಮದಲ ಅಣ್ಣನ ಕೈಗೆ, ಆಮ್ಯಾಲೆ ತಂಗಿ ಕೈಗೆ. ದೊಡ್ಡ ಹುಡುಗ್ಯಾರಿಗೆ ಮನ್ಯಾಗ ಇದಾಳಲ್ಲ ಅಂತ ಗಂಡು ನೋಡಿದವರೂ ಉಂಟು. ಅದಕ್ಕ ನಾ ಹೇಳೋದು, ಆರು ತುಂಬೋ ತನಕ ಮನಿ, ಓಣಿ, ಅಂಗನವಾಡಿ. ಆರು ತುಂಬಿದ ಮ್ಯಾಲೆ ಸಾಲಿ, ಗಂಡಿರಲಿ ಹೆಣ್ಣಿರಲಿ ಒಂದು ದಿವಸ ತಪ್ಪಬಾರದು.

ಈಗ ಹೆದರಿಕಿ ಏನಂದ್ರ, ಆ ಮದಲಿನ ಮೂರು ವರ್ಷದ ಸಾಲಿ ಕೈ ಬಿಟ್ಟು ಹೊಂಟೈತಿ. ಮಣ್ಣೆತ್ತು ಪ್ಯಾಟ್ಯಾಗ ಸಾಚಾದಾಗ ಒತ್ತಿ ಬಣ್ಣ ಹಚ್ಚಿ ಮಾರತಾವು. ತಂದು ಜಗಲಿ ಮ್ಯಾಲೆ ಇಟ್ಟು ಪೂಜಾ ಮಾಡಿದ್ರ ದೇವರಿಗೆ ಮುಟ್ಟತೈತಿ, ಕೂಸಿಗೆ ಏನೂ ಮುಟ್ಟಂಗಿಲ್ಲ. ಪಂಚಮಿ ಉಂಡಿ ಡಬ್ಬ್ಯಾಗ ಬರತಾವು. ಎಲ್‌ಕೆಜಿಯಾಗ ಮಣ್ಣಿನ ಆಟ ಅಂತ ಬಣ್ಣದ ಪ್ಲಾಸ್ಟಿಕ್ ಕಣಕಕ್ಕ ಬ್ಯಾರೆ ರೊಕ್ಕ ಕಟ್ಟತೀವಿ. ನಮ್ಮ ಹಿತ್ತಲದಾಗಿದ್ದದ್ದನ್ನ ನಾವ ಕೊಂಡುಕೊಂಡಂಗ ಆತು.

ಭಾಳ ಏನೂ ಮಾಡಬೇಕಿಲ್ರಿ. ಈ ಸಲ ಮಣ್ಣೆತ್ತಿನ ಅಮಾಸಿ ಮುಂದಿನ ದಿವಸ ಓಣಿಯ ನಾಕು ಹುಡುಗೋರನ್ನ ಕೂಡಿಸಿ ಒಂದು ಬುಟ್ಟಿ ಎರಿ ಮಣ್ಣು ತರಿಸ್ರಿ. ಎತ್ತು ನಾವು ಮಾಡಿ ಕೊಡೋದು ಬ್ಯಾಡ, ಅವರ ಮಾಡಲಿ, ಕಾಲು ಮುರೀಲಿ, ಮತ್ತ ಹಚ್ಚಲಿ. ಗುಳ್ಳವ್ವನ ಕಾಳು ಎಣಿಸಿ ಇಡಲಿ. ಅದ ಕಾಳಿಲೆ ನೆಲದ ಮ್ಯಾಲೆ ಒಂದು ‘ಅ’, ಒಂದು ‘ಆ’ ಸಾಲು ಹಿಡಿಸ್ರಿ; ಹಳೇ ಮನಿ ಸಾಲ್ಯಾಗ ಇಲ್ಲದ್ದು ಅದೊಂದ. ಗಂಡು ಹುಡುಗೋರೂ ಉಂಡಿ ಕಟ್ಟಲಿ, ಹೆಣ್ಣು ಹುಡುಗ್ಯಾರೂ ಎತ್ತು ಹಿಡಕೊಂಡು ಜ್ವಾಳಕ್ಕ ಹೋಗಲಿ. ಅಂಗನವಾಡಿ ಟೀಚರಿಗೂ ಕರೀರಿ, ಅವರಿಗೂ ನಮಗೂ ಕೂಡಿ ನಡದ್ರ ಛಲೋ.

ಮುಂದಿನ ಜೂನಿನಾಗ ಯಾರರ “ಎಲ್ಲಿ ಹಾಕಿದ್ರಿ” ಅಂತ ಕೇಳಿದ್ರ, ಮನ್ಯಾಗ ಕೂಸಿನ ಇಟಗೊಂಡ ತಾಯಿ ಮಾರಿ ಎತ್ತಿ ಹೇಳಲಿ: “ಈಗ ಮಣ್ಣೆತ್ತು ನಡದೈತ್ರಿ, ಮುಂದಿನ ತಿಂಗಳ ಗುಳ್ಳವ್ವ. ಆರು ತುಂಬಿದ ಮ್ಯಾಲೆ ಕನ್ನಡ ಸಾಲಿ.”